ಖರಾಬು ನೆಲದ ವಸಂತ



ವಸಂತವೆಂದೊಡನೆ ನಮ್ಮ ಮನಸ್ಸು ಮಾವಿನ ತೋಪಿಗೆ ಹೋಗುತ್ತದೆ. ಚಿಗುರು, ಕೋಗಿಲೆ, ತಂಗಾಳಿ, ಮಲ್ಲಿಗೆಯ ಮೊಗ್ಗು—ನಮ್ಮ ಕವಿಗಳು ತಲೆತಲಾಂತರದಿಂದ ನಮಗೆ ಕಟ್ಟಿಕೊಟ್ಟಿರುವ ಬುತ್ತಿಯಿದು. ಬುತ್ತಿಯಲ್ಲಿ ದೋಷವೇನೂ ಇಲ್ಲ. ಆದರೆ ಅದರಲ್ಲಿ ಬಂಡೆಗಲ್ಲಿಗೆ ಸ್ಥಳವಿಲ್ಲ. ಈ ದಿನ ನಾನು ತಮ್ಮ ಮುಂದೆ ಹೇಳಬೇಕೆಂದಿರುವುದು ತೋಪೂ ಅಲ್ಲದ, ತೋಟವೂ ಅಲ್ಲದ, ಹೊಳೆಯ ದಡವೂ ಅಲ್ಲದ ಒಂದು ಸೀಮೆಯ ವಸಂತವನ್ನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಮಾಘ ಫಾಲ್ಗುನ ಮಾಸಗಳಲ್ಲಿ ಏನು ಅರಳುತ್ತದೆ, ನೀರಿಲ್ಲದೆ ಅದು ಹೇಗೆ ಅರಳುತ್ತದೆ ಎಂಬುದೇ ನನ್ನ ವಿಷಯ.

ಈ ಐದೂ ಊರುಗಳು ಒಂದು ಕಾಲದಲ್ಲಿ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ೧೯೫೩ರಲ್ಲಿ ಮೈಸೂರಿಗೆ ಬಂದುವು. ಹರಪನಹಳ್ಳಿ ನಡುವೆ ಕೆಲವು ಕಾಲ ದಾವಣಗೆರೆಯ ಪಾಲಿಗೆ ಹೋಗಿ ಹಿಂದಿರುಗಿತು. ೨೦೨೧ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಯಿಂದ ಹೊಸಪೇಟೆಯೊಂದನ್ನು ಕಳೆದರೆ ಉಳಿಯುವ ತಾಲ್ಲೂಕುಗಳು ಇವೇ. ಬೆಂಗಳೂರಿನಿಂದ ಹಂಪೆಯ ಯಾತ್ರೆಗೆ ಹೊರಟವರು ಚಿತ್ರದುರ್ಗವನ್ನು ದಾಟಿದ ಮೇಲೆ ಕೂಡ್ಲಿಗಿಯ ಸೀಮೆಯನ್ನು ಹೆದ್ದಾರಿಯಲ್ಲಿ ಬಹು ಬೇಗ ಹಾದುಹೋಗುತ್ತಾರೆ. ಕಿಟಕಿಯಿಂದ ಹೊರಗೆ ನೋಡಿ, 'ಬರೀ ಕಲ್ಲು' ಎಂದು ಹೇಳಿ, ಕಣ್ಣು ಮುಚ್ಚಿ ಒರಗುವುದು ವಾಡಿಕೆ. ನಾನೂ ಹಲವು ವರ್ಷ ಹಾಗೆಯೇ ಒರಗಿದವನು. ಆದುದರಿಂದ ಇತರರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ.

ಸರಕಾರದ ಕಡತಗಳ ಅಭಿಪ್ರಾಯವೂ ಪ್ರಯಾಣಿಕರ ಅಭಿಪ್ರಾಯಕ್ಕಿಂತ ಬೇರೆಯಲ್ಲ. ನಮ್ಮ ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಬಾರದ ಕಲ್ಲುನೆಲಕ್ಕೆ ಒಂದು ಹೆಸರಿದೆ: ಖರಾಬು. ಪಹಣಿಯ ಒಂದು ಅಂಕಣದಲ್ಲಿ ಅದನ್ನು ಒಟ್ಟು ವಿಸ್ತೀರ್ಣದಿಂದ ಕಳೆದುಬಿಡುತ್ತಾರೆ. ಉಳಿದುದಕ್ಕೆ ಮಾತ್ರ ಕಂದಾಯ, ಉಳಿದುದಕ್ಕೆ ಮಾತ್ರ ಬೆಲೆ. ಲೆಕ್ಕ ಬರೆಯುವವರ ದೃಷ್ಟಿಯಿಂದ ಇದು ನ್ಯಾಯವೇ. ಜೋಳ ಬೆಳೆಯದ ನೆಲಕ್ಕೆ ಜೋಳದ ಕಂದಾಯವನ್ನು ಹಾಕಲಾದೀತೆ? ಆದರೆ ಹೆಸರು ಬಹು ದಿನ ಬಳಕೆಯಲ್ಲಿದ್ದರೆ ಅದು ಲೆಕ್ಕದ ಪುಸ್ತಕದಿಂದ ಎದ್ದು ಜನರ ಕಣ್ಣಿನೊಳಗೆ ಬಂದು ಕುಳಿತುಬಿಡುತ್ತದೆ. ಬಂಡೆ ಎಂದರೆ ಕೆಟ್ಟ ನೆಲ, ಕೆಟ್ಟ ನೆಲವೆಂದರೆ ಏನು ಮಾಡಿದರೂ ಸಲ್ಲುವ ನೆಲ—ಹೀಗೆ.

ಮೊದಲು ಆ ಬಂಡೆಯನ್ನು ಸ್ವಲ್ಪ ನೋಡೋಣ. ಕೂಡ್ಲಿಗಿಗೆ ಮೂಡಲಲ್ಲಿರುವ ಗುಡೇಕೋಟೆಯ ಗುಡ್ಡಗಳು—ಚಿತ್ರದುರ್ಗದ ಒನಕೆ ಓಬವ್ವನ ತವರೂರು ಇದೇ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ—ಹಂಪೆಯ ಗುಡ್ಡಗಳ ಬಂಧುಗಳೇ. ರಾಮನಗರದಿಂದ ಬಡಗಲಿಗೆ ಒಂದು ಬೆನ್ನೆಲುಬಿನಂತೆ ಹರಿದುಬಂದಿರುವ ಗ್ರಾನೈಟು ಶಿಲೆಯಿದು. ರಾಮನಗರಕ್ಕೆ ಹಿಂದೆ ಇದ್ದ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆಯುತ್ತಾರೆ. ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಹಗಲಿನ ಬಿಸಿಲಿಗೆ ಕಾದು, ಇರುಳಿನ ತಂಪಿಗೆ ಕುಗ್ಗಿ, ಈ ಕಲ್ಲು ಈರುಳ್ಳಿಯ ಪದರದಂತೆ ಸುಲಿಯುತ್ತದೆ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಧೂಳು, ಧೂಳಿನಲ್ಲಿ ಉದುರಿದೆಲೆ, ಎಲೆ ಕೊಳೆತು ಒಂದು ಹಿಡಿ ಮಣ್ಣು. ಆ ಹಿಡಿ ಮಣ್ಣಿನಲ್ಲಿ ಬೇರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ೬೦೦ ಮಿಲಿಮೀಟರಿನ ಆಸುಪಾಸಿನದು. ಅದೂ ಬಹುಮಟ್ಟಿಗೆ ಭಾದ್ರಪದ ಆಶ್ವಯುಜಗಳಲ್ಲಿ. ಹೊಲದ ಮೇಲೆ ಬಿದ್ದ ಮಳೆ ಹೊಲದ ತುಂಬ ಹಂಚಿಹೋಗುತ್ತದೆ. ಬೋಳು ಬಂಡೆಯ ಮೇಲೆ ಬಿದ್ದುದು ಹಾಗಲ್ಲ. ಬಂಡೆ ಒಂದು ಹನಿಯನ್ನೂ ತಾನು ಕುಡಿಯದೆ ಎಲ್ಲವನ್ನೂ ತನ್ನ ಅಂಚಿಗೆ, ತನ್ನ ಬಿರುಕಿಗೆ ಸುರಿದುಬಿಡುತ್ತದೆ. ಒಂದು ಗೇಣು ಅಗಲದ ಬಿರುಕಿನಲ್ಲಿ ನಿಂತ ಗಿಡಕ್ಕೆ ಹತ್ತು ಮಾರು ಬಂಡೆಯ ನೀರು ದೊರೆಯುತ್ತದೆ. ಸುರಿದ ನೀರು ಕಲ್ಲಿನ ಅಡಿಯಲ್ಲಿ, ಬಿಸಿಲು ತಾಗದ ಕಡೆ ಇಳಿದು ಕುಳಿತಿರುತ್ತದೆ. ಮೇಲೆ ಕೈಯಿಟ್ಟರೆ ಸುಡುವ ಕಲ್ಲಿನ ಕೆಳಗೆ ಬೇರು ತಂಪಾಗಿರುತ್ತದೆ. ಆದ್ದರಿಂದಲೇ ಪಕ್ಕದ ಹೊಲದ ಬದುವಿನಲ್ಲಿ ಬದುಕದ ಮರ ಬಂಡೆಯ ಸಂದಿಯಲ್ಲಿ ಬದುಕುವುದುಂಟು. ಕಲ್ಲು ಬಡವನ ಮನೆಯಂತೆ ತೋರುತ್ತದೆ, ಒಳಗೆ ಕಣಜವಿದೆ.

ಇಂಗ್ಲೆಂಡಿನ ತೋಟಗಾರರಿಗೆ ಈ ಗುಟ್ಟು ತಿಳಿದಿತ್ತು. ಆಲ್ಪ್ಸ್ ಪರ್ವತಗಳ ಕಲ್ಲುಸಂದಿಗಳಲ್ಲಿ ಬೆಳೆಯುವ ಪುಟ್ಟ ಗಿಡಗಳನ್ನು ತಂದು ಮನೆಯ ಅಂಗಳದಲ್ಲಿ ಕಲ್ಲು ಜೋಡಿಸಿ ಬೆಳೆಸುವ ಹವ್ಯಾಸ ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿತು. ಕ್ಯೂ ಉದ್ಯಾನದ ಶಿಲೋದ್ಯಾನ ಕಟ್ಟಿದ್ದು ೧೮೮೨ರಲ್ಲಿ. ರೆಜಿನಾಲ್ಡ್ ಫಾರರ್ ಎಂಬಾತ ೧೯೦೭ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಬರೆದು, ಮಣ್ಣಿನ ಗುಪ್ಪೆಯಲ್ಲಿ ಚೂಪುಗಲ್ಲುಗಳನ್ನು ಕಡುಬಿನ ಮೇಲೆ ಬಾದಾಮಿ ಚುಚ್ಚಿದಂತೆ ಚುಚ್ಚಿ ಅದನ್ನೇ ಶಿಲೋದ್ಯಾನವೆನ್ನುವವರನ್ನು ಚೆನ್ನಾಗಿ ಹಾಸ್ಯಮಾಡಿದನು. ಕಲ್ಲು ಅಲಂಕಾರಕ್ಕಲ್ಲ, ಬೇರಿಗಾಗಿ. ನೀರು ನಿಲ್ಲದೆ ಹರಿಯಬೇಕು, ಬೇರು ತಂಪಾಗಿರಬೇಕು, ತಲೆ ಬಿಸಿಲಿನಲ್ಲಿರಬೇಕು ಎಂಬುದು ಆ ತೋಟಗಾರಿಕೆಯ ತಿರುಳು. ಗಿಡಗಳನ್ನು ಹುಡುಕುತ್ತ ಹುಡುಕುತ್ತ ಫಾರರ್ ೧೯೨೦ರಲ್ಲಿ ಬರ್ಮಾದ ಬೆಟ್ಟಗಳಲ್ಲಿ ತೀರಿಕೊಂಡನು. ನಮ್ಮ ದೇಶದಲ್ಲಾದರೋ ಶಿಲೋದ್ಯಾನವೆಂದರೆ ೧೯೭೬ರಲ್ಲಿ ತೆರೆದ ಚಂಡೀಗಢದ ತೋಟ ನೆನಪಾಗುವುದು. ನೇಕ್ ಚಂದರು ಒಡೆದ ಬಳೆ, ಪಿಂಗಾಣಿಗಳಿಂದ ಕಟ್ಟಿದ ಆ ಬೊಂಬೆಗಳ ಲೋಕ ಬಹು ಚೆಲುವಾದುದು. ಆದರೆ ಗಿಡಕ್ಕೂ ಕಲ್ಲಿಗೂ ಇರುವ ನಂಟು ಅದರ ವಿಷಯವಲ್ಲ.

ಹಿಮಪರ್ವತದ ಗಿಡಗಳಲ್ಲಿ ಒಂದು ವಿಶೇಷವಿದೆ. ಅಲ್ಲಿ ಹಿಮ ಕರಗಿ ಮತ್ತೆ ಹಿಮ ಬೀಳುವುದರೊಳಗೆ ದೊರೆಯುವ ಬೆಚ್ಚನೆಯ ದಿನಗಳು ಬಹು ಸ್ವಲ್ಪ. ಆಗ ಮೊಗ್ಗು ಕಟ್ಟಲು ಕುಳಿತರೆ ಹೊತ್ತು ಸಾಲದು. ಆದುದರಿಂದ ಅನೇಕ ಗಿಡಗಳು ಹಿಂದಿನ ವರ್ಷವೇ ಮೊಗ್ಗನ್ನು ಒಳಗೆ ಸಿದ್ಧಮಾಡಿಕೊಂಡು ಹಿಮದಡಿಯಲ್ಲಿ ಮಲಗಿರುತ್ತವೆ. ಹಿಮ ಸರಿದ ಮರುದಿನವೇ ಹೂವು! ನೋಡುವವರು ವಸಂತದ ಮಹಿಮೆಯೆನ್ನುತ್ತಾರೆ. ನಿಜವಾಗಿ ಅದು ಹಿಂದಿನ ವರ್ಷದ ಉಳಿತಾಯ.

ಕೂಡ್ಲಿಗಿಯ ಗುಡ್ಡಕ್ಕೂ ಆಲ್ಪ್ಸಿಗೂ ಹೋಲಿಕೆಯೆಲ್ಲಿ ಎಂದು ತಾವು ಕೇಳಬಹುದು. ನಾನೂ ಅದನ್ನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಮಾಘದ ಕೊನೆಯಲ್ಲಿ ಗುಡೇಕೋಟೆಯ ಕಡೆ ಒಂದು ಗುಡ್ಡದ ತಪ್ಪಲಿನಲ್ಲಿ ನಿಂತಿದ್ದೆ. ಹುಲ್ಲು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಿಡಗಳಲ್ಲಿ ಎಲೆಯೆಂಬುದೇ ಇರಲಿಲ್ಲ. ಆ ನೆತ್ತಿಯ ಮೇಲೆ, ಎರಡು ಗುಂಡುಗಳ ನಡುವೆ, ಎಲೆಯಿಲ್ಲದ ಒಂದು ಮರ ಅಂಗೈಯಗಲದ ಹೊಂಬಣ್ಣದ ಹೂಗಳನ್ನು ತುದಿತುದಿಗೆ ಇಟ್ಟುಕೊಂಡು ನಿಂತಿತ್ತು. ಕುರಿ ಕಾಯುತ್ತಿದ್ದ ಮುದುಕರೊಬ್ಬರು ಬಂಡೆಯ ನೆರಳಿನಲ್ಲಿದ್ದರು. "ಅಜ್ಜಾ, ಮಳೆಯಾಗಿ ನಾಲ್ಕು ತಿಂಗಳಾಯಿತಲ್ಲ, ಇದಕ್ಕೆ ನೀರೆಲ್ಲಿಂದ ಬಂತು?" ಎಂದು ಕೇಳಿದೆ. ಅವರು ನನ್ನ ಕಡೆ ಪೂರ್ತಿ ತಿರುಗಲೂ ಇಲ್ಲ. "ಅದು ಈಗ ಕುಡದು ಹೂ ಬಿಡಂಗಿಲ್ಲ ಸ್ವಾಮಿ, ಕೂಡಿಟ್ಟಿದ್ದು ತಿಂದು ಬಿಡ್ತೈತಿ" ಎಂದರು. ನಾನು ಅದುವರೆಗೆ ಓದಿದ್ದ ಎಷ್ಟೋ ಪುಟಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ತಿಳಿಸಿತು. ಆಲ್ಪ್ಸಿನ ಗಿಡಕ್ಕೆ ಹಿಮ ಹೇಗೋ ಈ ಮರಕ್ಕೆ ಬಿಸಿಲು ಹಾಗೆ. ಎರಡೂ ಹಿಂದಿನ ವರ್ಷದ ಗಂಟನ್ನು ಬಿಚ್ಚಿ ವಸಂತವನ್ನು ನಡೆಸುತ್ತವೆ.

ಆ ಮರ ಅರಿಸಿನ ಬೂರುಗ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕಾಕ್ಲೋಸ್ಪರ್ಮಮ್ ರಿಲಿಜಿಯೋಸಮ್ ಎಂದು ಹೆಸರು. ಹೆಸರಿನಲ್ಲಿ ಬೂರುಗವಿದ್ದರೂ ನಮ್ಮ ಕೆಂಪು ಬೂರುಗಕ್ಕೂ ಇದಕ್ಕೂ ವಂಶದ ಸಂಬಂಧವಿಲ್ಲ. ಕಾಯಿಯಲ್ಲಿ ಹತ್ತಿಯಿರುವುದಷ್ಟೇ ಹೋಲಿಕೆ. ಚಿಕ್ಕ ಮರ, ಕೊಂಬೆಗಳು ದಪ್ಪ, ವಕ್ರ, ಬೇಸಗೆಯಲ್ಲಿ ಕಡಿದಿಟ್ಟ ಸೌದೆಯಂತೆ ಕಾಣುತ್ತದೆ. ಹೂವಿಗೆ ಐದು ಎಸಳು. ನಡುವೆ ಕಿತ್ತಳೆಯ ಬಣ್ಣಕ್ಕೆ ತಿರುಗಿದ ಕೇಸರಗಳ ಒಂದು ಗೊಂಚಲು. ಬಣ್ಣವನ್ನು ಹೇಗೆ ವರ್ಣಿಸಲಿ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಜಾತ್ರೆ ಸೇರುತ್ತದೆ. ಭಕ್ತರು ಎರಚುವ ಭಂಡಾರದಿಂದ ನೆಲ, ಮೈ, ಬಟ್ಟೆಯೆಲ್ಲ ಹಳದಿಯಾಗುತ್ತದೆ. ಅದೇ ಹಳದಿ. ಅದೇ ದಿನಗಳಲ್ಲಿ ಗುಡ್ಡದ ಮೇಲೂ ಭಂಡಾರ ಹಾರುತ್ತಿರುತ್ತದೆ. ಆದರೆ ಅಲ್ಲಿ ಕಾರಣಿಕ ಕೇಳಲು ಯಾರೂ ಸೇರಿರುವುದಿಲ್ಲ.

ಈ ಹೂವಿನಲ್ಲಿ ಜೇನಿಲ್ಲ. ಬರುವ ದುಂಬಿಗೆ ಅದು ಕೊಡುವುದು ಪರಾಗವನ್ನು ಮಾತ್ರ. ಅದನ್ನೂ ಸುಲಭವಾಗಿ ಕೊಡುವುದಿಲ್ಲ. ಪರಾಗದ ಚೀಲ ಉದ್ದಕ್ಕೆ ಒಡೆಯದೆ ತುದಿಯಲ್ಲಿ ಒಂದು ಸಣ್ಣ ರಂಧ್ರವನ್ನು ಮಾತ್ರ ತೆರೆಯುತ್ತದೆ, ಉಪ್ಪಿನ ಡಬ್ಬಿಯ ಮುಚ್ಚಳದಂತೆ. ಮರ ಕೊರೆಯುವ ಕಪ್ಪು ದುಂಬಿ ಬಂದು ಕೇಸರಗಳನ್ನು ಅಪ್ಪಿ ಹಿಡಿದು, ರೆಕ್ಕೆಯನ್ನು ಬೀಸದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ಝೇಂಕರಿಸುತ್ತದೆ. ಆ ನಡುಕಕ್ಕೆ ಪರಾಗ ರಂಧ್ರದಿಂದ ಸಿಡಿದು ದುಂಬಿಯ ಹೊಟ್ಟೆಗೆ ಅಂಟುತ್ತದೆ. ತಮ್ಮ ಹಿತ್ತಿಲಿನ ಬದನೆಯ ಹೂವಿನಲ್ಲಿಯೂ ಇದೇ ಏರ್ಪಾಡು. ಬೆಳಗಿನ ಹೊತ್ತು ಕಿವಿಗೊಟ್ಟರೆ ಆ ಸ್ವರ ಕೇಳಿಸುತ್ತದೆ. ಹಾರುವಾಗಿನ ಝೇಂಕಾರಕ್ಕಿಂತ ಅದು ಏರುದನಿಯದು.

ಎಲೆಯಿಲ್ಲದೆ ಹೂವೇಕೆ? ಎಲೆಯೆಂಬುದು ಮರಕ್ಕೆ ಅಡುಗೆಮನೆಯೂ ಹೌದು, ಸೋರುವ ಮಡಕೆಯೂ ಹೌದು. ಅದು ಅನ್ನವನ್ನು ಬೇಯಿಸುತ್ತದೆ. ಬೇಯಿಸುವಷ್ಟು ಹೊತ್ತೂ ನೀರನ್ನು ಗಾಳಿಗೆ ಬಿಡುತ್ತದೆ. ಮಳೆಗಾಲದಲ್ಲಿ ಈ ಖರ್ಚು ತಡೆಯುತ್ತದೆ. ಮಾರ್ಗಶಿರದ ಒಣಗಾಳಿ ಬೀಸತೊಡಗಿದೊಡನೆ ಮರ ಎಲೆಗಳನ್ನು ಉದುರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ಕಾಂಡದಲ್ಲಿಯೂ ಬೇರಿನಲ್ಲಿಯೂ ನೀರೂ ಹಿಟ್ಟೂ ತುಂಬಿರುತ್ತವೆ. ಅರಿಸಿನ ಬೂರುಗದ ಮರ ಮೆದು, ಹಗುರ. ಸೌದೆಗೂ ಬಾರದು, ತೊಲೆಗೂ ಬಾರದು. ಆ ಮೆದುತನವೇ ಅದರ ಕೆರೆ. ರಾಲ್ಫ್ ಬೋರ್ಶರ್ಟ್ ಎಂಬ ವಿಜ್ಞಾನಿ ಮಧ್ಯ ಅಮೆರಿಕೆಯ ಕೋಸ್ಟರಿಕದ ಒಣಕಾಡುಗಳಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷಿಸಿ ೧೯೯೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಮ್ಮ ಅರಿಸಿನ ಬೂರುಗದ ದಾಯಾದಿಯೊಂದು ಅಲ್ಲಿಯೂ ಇದೆ. ಹಗುರವಾದ ಮರದಲ್ಲಿ ನೀರನ್ನು ಕೂಡಿಟ್ಟುಕೊಂಡ ಜಾತಿಗಳು ಬರಗಾಲದ ನಡುವೆಯೇ ಹೂ ಬಿಡಬಲ್ಲವು, ಗಟ್ಟಿಮರದ ಜಾತಿಗಳು ನೆಲದ ನೀರಿಗಾಗಿ ಕಾಯಬೇಕು ಎಂಬುದು ಅವರು ಕಂಡುಕೊಂಡ ಸಂಗತಿ. ಕುರಿಯ ಅಜ್ಜನೂ ಅದನ್ನೇ ಹೇಳಿದ್ದು. ಅಳತೆಯ ಉಪಕರಣಗಳಿಲ್ಲದೆ ಹೇಳಿದರು, ಅಷ್ಟೆ.

ಎಲೆಯಿಲ್ಲದ ಹೂವಿಗೆ ಇನ್ನೊಂದು ಲಾಭವೂ ಇದೆ: ಮರೆಯಿಲ್ಲ. ದುಂಬಿಗೆ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಬೀಜದ ಲೆಕ್ಕವೂ ಇದರಲ್ಲಿ ಸೇರಿದೆ. ಫಾಲ್ಗುನದಲ್ಲಿ ಹೂವಾದುದು ಕಾಯಿಯಾಗಿ ವೈಶಾಖ ಜ್ಯೇಷ್ಠಗಳಲ್ಲಿ ಒಡೆದು, ಹತ್ತಿಯ ಎಳೆಗಳ ಮೇಲೆ ಬೀಜ ಮುಂಗಾರಿನ ಮುಂಗಾಳಿಗೆ ಹಾರುತ್ತದೆ. ಯಾವುದಾದರೂ ಬಿರುಕಿಗೆ ಬಿದ್ದ ಮೇಲೆ ಮಳೆ ಬರುತ್ತದೆ. ಮಳೆಗಾಲದಲ್ಲಿ ಹೂ ಬಿಟ್ಟರೆ ಈ ಲೆಕ್ಕ ತಪ್ಪುತ್ತದೆ.

ಅದೇ ಗುಡ್ಡದಲ್ಲಿ ಇನ್ನೊಂದು ಮರವಿದೆ. ದೂರದಿಂದ ನೋಡಿದವರು ಬೆಳುದಿಂಗಳಲ್ಲಿ ಅದನ್ನು ಕಂಡು ಹೆದರುವುದುಂಟು. ಕೆಂಪುದಾಳೆಯೆಂಬ ಈ ಮರದ ತೊಗಟೆ ನುಣುಪು, ಬಿಳುಪು, ಕಾಗದದಂತೆ ಸುಲಿಯುವಂಥದು. ಹೂವು ಸಣ್ಣದು, ಹಸಿರು ಬೆರೆತ ಹಳದಿ. ಅರಿಸಿನ ಬೂರುಗದ ಮುಂದೆ ಅದಕ್ಕೆ ಶೋಭೆಯೇನೂ ಇಲ್ಲ. ಚೆಲುವೆಲ್ಲ ಕಾಯಿಯಲ್ಲಿ: ಐದು ಕೆಂಪು ಹೋಳುಗಳು ನಕ್ಷತ್ರದಂತೆ ಹರಡಿ, ಮೇಲೆ ಮಕಮಲ್ಲಿನ ರೋಮ. ಮುಟ್ಟಬಾರದು, ರೋಮ ಚುಚ್ಚಿ ಉರಿಯುತ್ತದೆ. ಲ್ಯಾಟಿನಿನಲ್ಲಿ ಅದಕ್ಕೆ ಯೂರೆನ್ಸ್, ಎಂದರೆ ಉರಿಸುವುದು, ಎಂದು ಹೆಸರು ಬಂದುದು ಇದರಿಂದಲೇ. ಈ ಮರ ಸ್ರವಿಸುವ ಅಂಟು ನೀರಿನಲ್ಲಿ ಬಹಳವಾಗಿ ಉಬ್ಬುತ್ತದೆ. ಕರಾಯ ಎಂಬ ಹೆಸರಿನಿಂದ ಅದು ಹೊರದೇಶಗಳಿಗೆ ಹೋಗಿ ಔಷಧಕ್ಕೂ, ಕಟ್ಟಿದ ಹಲ್ಲುಗಳನ್ನು ವಸಡಿಗೆ ಅಂಟಿಸುವುದಕ್ಕೂ ಉಪಯೋಗವಾಗುತ್ತದೆ. ಲೋಭಕ್ಕೆ ಬಿದ್ದು ಕಾಂಡದ ಸುತ್ತ ಅಗಲವಾಗಿ ಕೆತ್ತಿ ಅಂಟನ್ನು ಹಿಂಡಿದುದರಿಂದ ನಮ್ಮ ದೇಶದ ಹಲವು ಕಾಡುಗಳಲ್ಲಿ ಈ ಮರ ಸತ್ತುಹೋಗಿದೆ. ಸಣ್ಣ ಗಾಯ ಮಾಡಿ, ಮರಕ್ಕೆ ಬಿಡುವು ಕೊಟ್ಟು ತೆಗೆದರೆ ಅದು ಸಾಯುವುದಿಲ್ಲ. ಬೇಸಗೆಗೆಂದು ಮರ ಕೂಡಿಟ್ಟ ಧನವನ್ನೇ ನಾವು ಕದಿಯುತ್ತಿದ್ದೇವೆಂಬ ಎಚ್ಚರವಾದರೂ ಬೇಡವೆ?

ನೆಲದ ಮಟ್ಟದಲ್ಲಿಯೂ ಇದೇ ಕಥೆ. ಅಡವಿ ಈರುಳ್ಳಿಯೆಂಬುದನ್ನು ತಾವು ಕೇಳಿರಬಹುದು. ಬಿಸಿಲು ಏರುವ ಕಾಲದಲ್ಲಿ, ಗೊರಸಿಗೆ ಸಿಕ್ಕಿ ಪುಡಿಯಾದ ನೆಲದಿಂದ, ಒಂದೆಲೆಯೂ ಇಲ್ಲದೆ ಒಂದು ಕಡ್ಡಿ ಮೇಲೇಳುತ್ತದೆ. ಅದರ ತುದಿಗೆ ಬೂದುಗಂದಿನ ಸಣ್ಣ ಗಂಟೆಗಳು ಜೋಲುತ್ತವೆ. ಎಲೆ ಬರುವುದು ಮಳೆ ಬಿದ್ದ ಮೇಲೆ. ಗೆಡ್ಡೆಯಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ತಕ್ಕ ಪ್ರಮಾಣದಲ್ಲಿ ಅದೇ ಔಷಧವೆಂದು ಹಿಂದೆ ವೈದ್ಯರು ಬಳಸುತ್ತಿದ್ದರು. ಕುರಿಯೂ ಮೇಕೆಯೂ ಇದನ್ನು ಬಿಟ್ಟು ನಡೆಯುತ್ತವೆ. ಇಲ್ಲದಿದ್ದರೆ ಆ ನೆಲದಲ್ಲಿ ಅದು ಉಳಿಯುವ ಬಗೆ ಹೇಗೆ? ಇನ್ನು ಬಿಕ್ಕೆಯ ಗಿಡ. ಬಂಡೆಗಳ ನಡುವೆ ಕುರುಚಲಾಗಿ ನಿಂತು, ಚೈತ್ರದ ಸಂಜೆ ಬಿಳಿಯ ಹೂವನ್ನು ತೆರೆಯುತ್ತದೆ. ಮರುದಿನ ಅದು ಹಳದಿ. ಪ್ರತಿ ಮೊಗ್ಗಿನ ತುದಿಯಲ್ಲಿ ಅಂಟಿನ ಒಂದು ಹನಿ ಹೊಳೆಯುತ್ತಿರುತ್ತದೆ. ಕತ್ತಲಾದ ಮೇಲೆ ಅದರ ಪರಿಮಳದ ಹಾದಿ ಹಿಡಿದು ಗಿಡವನ್ನು ಕಂಡುಹಿಡಿಯಬಹುದು. ತಪ್ಪಲಿಗೆ ಇಳಿದರೆ ಮುತ್ತುಗ, ಬೆಪ್ಪಾಲೆ, ಸ್ವಲ್ಪ ತಡವಾಗಿ ಕಕ್ಕೆ. ಇವು ತಮಗೆಲ್ಲ ಪರಿಚಿತವಾದುವು, ವಿಸ್ತರಿಸುವುದಿಲ್ಲ.

ಹೂ ಬಿಡದೆ ಮಲಗಿರುವವರನ್ನು ಮಾತ್ರ ಮರೆಯಬಾರದು. ಬಂಡೆಯ ನೆರಳಿನ ಮಗ್ಗುಲಲ್ಲಿ ಮಯೂರಶಿಖೆಯೆಂಬ ಪುಟ್ಟ ಜರೀಗಿಡ ಸುರುಟಿ ಕಂದಾಗಿ ಅಂಟಿಕೊಂಡಿರುತ್ತದೆ. ಸತ್ತಿದೆಯೆಂದು ಯಾರಾದರೂ ಪ್ರಮಾಣಮಾಡಿ ಹೇಳಬಹುದು. ಒಂದು ಮಳೆಗೆ ಅದು ಮಡಿಕೆ ಬಿಚ್ಚಿ ಹಸಿರಾಗುತ್ತದೆ. ಮಂಗರವಳ್ಳಿ, ಕಳ್ಳಿಗಳು ಬೇರೊಂದು ಉಪಾಯವನ್ನು ಬಲ್ಲವು: ಹಗಲೆಲ್ಲ ಮೈಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು ಇರುಳಿನ ತಂಪಿನಲ್ಲಿ ಮಾತ್ರ ಉಸಿರಾಡುತ್ತವೆ.

ಐದು ಊರುಗಳಲ್ಲಿ ಹಡಗಲಿಯ ಹೆಸರಿಗೆ ಮಾತ್ರ ಹೂವು ಸೇರಿದೆ—ಹೂವಿನ ಹಡಗಲಿ. ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪೆಯ ದೇವರಿಗೆ ಇಲ್ಲಿಂದ ಹೂವು ಹೋಗುತ್ತಿತ್ತೆಂದು ಹೇಳುತ್ತಾರೆ. ಹಡಗಲಿಯ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಗೌರವವೂ ದೊರೆತಿದೆ. ಅದಕ್ಕೆ ಅದು ಪೂರ್ಣವಾಗಿ ಯೋಗ್ಯ. ಆದರೆ ಮಲ್ಲಿಗೆಯು ಬಾವಿಯ ನೀರುಂಡು, ಗೊಬ್ಬರವುಂಡು, ಬೆಳಗಿನ ಜಾವ ಹೆಣ್ಣುಮಕ್ಕಳ ಕೈಯಿಂದ ಬಿಡಿಸಿಕೊಂಡು ಪೇಟೆಗೆ ಹೋಗುವ ಹೂವು. ಅದಕ್ಕೆ ಹೆಸರಿದೆ, ಧಾರಣೆಯಿದೆ, ಒಡೆಯನಿದ್ದಾನೆ. ಗುಡ್ಡದ ಹೂವಿಗೆ ಮೂರೂ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆ ಹೊಂಬಣ್ಣಕ್ಕೆ ಮರುಳಾಗಿ, ಮುಂದಿನ ವರ್ಷ ಒಂದು ಎಳೆಯ ಗಿಡವನ್ನು ಬಿರುಕಿನಿಂದ ಮೀಟಿ ತೆಗೆದು ಬೆಂಗಳೂರಿಗೆ ತಂದೆ. ಗೆಣಸಿನಂತೆ ಊದಿದ ಬೇರು ಅರ್ಧದಲ್ಲಿ ಮುರಿಯಿತು. ಮನೆಯ ಮುಂದೆ ನಾಲ್ಕು ಕಲ್ಲು ಜೋಡಿಸಿ—ಫಾರರ್ ನೋಡಿದ್ದರೆ ಬಾದಾಮಿಯ ಕಡುಬೆಂದೇ ನಗುತ್ತಿದ್ದ—ಒಳ್ಳೆಯ ಗೊಬ್ಬರ ಹಾಕಿ, ದಿನಕ್ಕೆರಡು ಬಾರಿ ನೀರೆರೆದೆ. ಪ್ರೀತಿಗೆ ಕೊರತೆಯಿರಲಿಲ್ಲ. ಆಷಾಢದ ಹೊತ್ತಿಗೆ ಬುಡ ಕೊಳೆತು ಗಿಡ ಮಲಗಿತು. ಇನ್ನೂರೈವತ್ತು ಕೋಟಿ ವರ್ಷದ ಕಲ್ಲು ಸಾಕಿದ್ದನ್ನು ನಾನು ನಾಲ್ಕು ತಿಂಗಳಲ್ಲಿ ಕೊಂದೆ. ಆಮೇಲೆ ಬುದ್ಧಿ ಬಂದು ಉದುರಿದ ಬೀಜವನ್ನು ಆರಿಸಿ ತಂದೆ. ಬೀಜದ ಸಿಪ್ಪೆ ಬಹು ಗಟ್ಟಿ. ಒರಟುಗಲ್ಲಿನ ಮೇಲೆ ತಿಕ್ಕಿ ನೆನೆಯಿಟ್ಟರೆ ಮಾತ್ರ ನೀರು ಒಳಗಿಳಿಯುತ್ತದೆ. ಮುಕ್ಕಾಲು ಪಾಲು ಗರಸು, ಕಾಲು ಪಾಲು ಮಣ್ಣು. ಎಲೆ ಉದುರಿದ ಮೇಲೆ ನೀರು ಪೂರ್ತಿ ನಿಲ್ಲಿಸುವುದು. ಹೀಗೆ ಎರಡು ಗಿಡಗಳು ಬದುಕಿವೆ. ಇನ್ನೂ ಹೂ ಬಿಟ್ಟಿಲ್ಲ. ಶಿಲೋದ್ಯಾನದ ಆಸೆಯುಳ್ಳ ಶ್ರೋತೃಗಳು ದಯವಿಟ್ಟು ಬೀಜದಿಂದ ಪ್ರಾರಂಭಿಸಲಿ. ಗುಡ್ಡದ ಗಿಡಕ್ಕೆ ಕೈ ಹಚ್ಚಬೇಡಿ.

ನನ್ನಂಥವರ ಕೈಯಿಂದ ಹೋಗುವುದು ಒಂದೆರಡು ಗಿಡ. ಗುಡ್ಡವೇ ಹೋಗುವುದು ಬೇರೆಯ ರೀತಿ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಕಬ್ಬಿಣದ ಗಣಿಗಾರಿಕೆಯನ್ನು ತಡೆದಾಗ ದೇಶದ ಪತ್ರಿಕೆಗಳೆಲ್ಲ ಸಂಡೂರಿನ ಬೆಟ್ಟಗಳ ವಿಷಯವನ್ನು ಬರೆದುವು, ಬರೆಯತಕ್ಕದ್ದೇ ಆಗಿತ್ತು. ಅದಿರು ಬೆಲೆಯುಳ್ಳ ವಸ್ತು, ಆದುದರಿಂದ ಅದರ ಕಳವೂ ಸುದ್ದಿ. ಆದರೆ ಜಲ್ಲಿಗಾಗಿ ಸಿಡಿಸುವ ಬಂಡೆಗುಡ್ಡ ಯಾವ ಸುದ್ದಿಯೂ ಅಲ್ಲ. ರಸ್ತೆಗೂ ಮನೆಗೂ ಕಲ್ಲು ಬೇಕು. ಈ ಭಾಷಣವನ್ನು ನಾನು ಓದುತ್ತಿರುವ ಕಟ್ಟಡಕ್ಕೂ ಬೇಕಾಗಿತ್ತು. ಕಲ್ಲು ಬೇಡವೆಂದು ಹೇಳುವವನು ನಾನಲ್ಲ. ಯಾವ ಗುಡ್ಡದಿಂದ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವಾಗ ಅದರ ಮೇಲೆ ಏನು ಬೆಳೆದಿದೆಯೆಂದು ಒಬ್ಬರಾದರೂ ಹತ್ತಿ ನೋಡುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ಖರಾಬು ಎಂದು ಬರೆದಿರುವಾಗ ಹತ್ತುವ ಶ್ರಮವೇಕೆ? ಹತ್ತಿದರೂ ಕಾರ್ತಿಕದಲ್ಲಿ ಹತ್ತಿದವರಿಗೆ ಪೊದೆ ಕಾಣುತ್ತದೆ, ಪುಷ್ಯದಲ್ಲಿ ಹತ್ತಿದವರಿಗೆ ಒಣಗಡ್ಡಿ ಕಾಣುತ್ತದೆ. ಹೂವಿನ ಮೂರು ನಾಲ್ಕು ವಾರಗಳಲ್ಲಿ ಹತ್ತಿದವರಿಗೆ ಮಾತ್ರ ಕಣ್ಣು ತೆರೆಯುತ್ತದೆ. ಅದೇ ವಾರಗಳಲ್ಲಿಯೇ ಹೊಸ ಹುಲ್ಲಿನ ಆಸೆಗೆ ಗುಡ್ಡಕ್ಕೆ ಬೆಂಕಿಯಿಡುವ ಅಭ್ಯಾಸವೂ ಇದೆ.

ಉಪಕಾರಬುದ್ಧಿಯಿಂದ ಆಗುವ ಕೇಡು ಇನ್ನೊಂದಿದೆ. ಬೋಳುಗುಡ್ಡವನ್ನು ಹಸಿರುಮಾಡಬೇಕೆಂದು ಹೊರಟವರು ಬಂಡೆಯ ನಡುವಿನ ಹಿಡಿ ಮಣ್ಣನ್ನು ಅಗೆದು ಗುಣಿ ಮಾಡಿ ಬೇರೆ ಕಡೆಯ ಸಸಿಗಳನ್ನು ನೆಡುತ್ತಾರೆ. ಸಸಿ ಮೊದಲನೆಯ ಬೇಸಗೆಯಲ್ಲಿ ಸಾಯುತ್ತದೆ. ಅಲ್ಲಿದ್ದ ಅಡವಿ ಈರುಳ್ಳಿ ಅದಕ್ಕಿಂತ ಮೊದಲೇ ಗುದ್ದಲಿಗೆ ಸಿಕ್ಕಿ ಸತ್ತಿರುತ್ತದೆ. ಅಲ್ಲಿ ಹಸಿರಿನ ಕೊರತೆಯಿರಲಿಲ್ಲ. ಹಸಿರು ತನ್ನ ಕಾಲಕ್ಕಾಗಿ ಮಲಗಿತ್ತು.

ಸಮಾಧಾನದ ಸಂಗತಿಯೂ ಉಂಟು. ಗುಡೇಕೋಟೆಯ ಗುಡ್ಡಗಳನ್ನು ೨೦೧೩ರಲ್ಲಿ ಕರಡಿಗಳ ರಕ್ಷಣೆಗಾಗಿ ವನ್ಯಧಾಮವೆಂದು ಸಾರಿದರು. ಹೊಸಪೇಟೆಯ ಬಳಿಯ ದರೋಜಿಗೆ ಆ ಭಾಗ್ಯ ೧೯೯೪ರಲ್ಲಿಯೇ ಬಂದಿತ್ತು. ಕರಡಿಗೆ ಬಂಡೆಯ ಗವಿ ಬೇಕು, ಬಾರೆ ಕವಳೆಗಳ ಹಣ್ಣು ಬೇಕು, ಕಕ್ಕೆಯ ಕಾಯಿ ಬೇಕು. ಅದಕ್ಕಾಗಿ ಗುಡ್ಡ ಉಳಿದರೆ ಅರಿಸಿನ ಬೂರುಗವೂ ಉಳಿಯುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರವೂ ಉಳಿಯುತ್ತದೆ. ಕರಡಿಯ ನ್ಯಾಯದಲ್ಲಿ ಹೂವಿಗೆ ಆಶ್ರಯ ದೊರೆತುದು ವಿನೋದವೇ ಸರಿ. ಆದರೆ ಕೊಟ್ಟೂರು, ಹರಪನಹಳ್ಳಿಗಳ ಕಡೆಯ ಬಿಡಿ ಗುಡ್ಡಗಳಲ್ಲಿ, ಉಚ್ಚಂಗಿದುರ್ಗದಂತೆ ಕೋಟೆಯೂ ಇಲ್ಲದ, ಕರಡಿಯೂ ಇಲ್ಲದ ಗುಡ್ಡಗಳಲ್ಲಿ, ಈ ಹೂವಿನ ಪರವಾಗಿ ನಿಲ್ಲುವವರು ಯಾರು?

ನೋಡಲು ಹೋಗಬೇಕೆನ್ನುವವರಿಗೆ ಒಂದು ಸೂಚನೆ. ಮಾಘ ಬಹುಳದಲ್ಲಿ ಕೊಟ್ಟೂರಿನ ಬಸವೇಶ್ವರನ ತೇರು. ದಾವಣಗೆರೆಯ ಕಡೆಯಿಂದಲೂ ಇತರ ಕಡೆಗಳಿಂದಲೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಸ್ಸಿನ ಕಿಟಕಿಗೆ ಕಾಣದುದು ಕಾಲ್ನಡಿಗೆಯವರಿಗೆ ಕಾಣುತ್ತದೆ. ಬೆಳಗ್ಗೆ ಎಂಟು ಗಂಟೆಯೊಳಗೆ, ಬಿಸಿಲು ಕಲ್ಲಿಗೆ ತಾಗುವ ಮೊದಲು, ದಾರಿಯ ಮಗ್ಗುಲಿನ ಯಾವುದಾದರೂ ಗುಡ್ಡದ ನೆತ್ತಿಯನ್ನು ನೋಡಿ. ಎಲೆಯಿಲ್ಲದ ಕೊಂಬೆಯ ತುದಿಯಲ್ಲಿ ಹಳದಿಯ ಚುಕ್ಕೆ ಕಂಡರೆ ಅದೇ. ಹತ್ತುವಾಗ ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರುತ್ತದೆ. ಮೇಲೆ ತಲುಪಿದ ಮೇಲೆ ಮರದ ಬಳಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕುಳಿತರೆ, ದುಂಬಿಯ ಆ ಏರುದನಿ ಕೇಳಿಸುತ್ತದೆ.